ಮೊದಲ ನಾಟಕ ತರಗತಿ: 40 ನಿಮಿಷ, 40 ಮಕ್ಕಳು, ಒಂದು ದಮ್ಮಡಿ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಶಾಲಾ ಇಂಟರ್ನ್‌ಷಿಪ್ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಾಟಕದ ತರಗತಿ ತಗೋಬೇಕು, ಯಾವ ನಾಟಕ ಮಾಡಿಸಲಿ?" ಉತ್ತರವೂ ಒಂದೇ: ಮೊದಲ ತರಗತಿಯಲ್ಲಿ ಯಾವ ನಾಟಕವನ್ನೂ ಮಾಡಿಸಬೇಡಿ. ಕೈಗೆ ಸ್ಕ್ರಿಪ್ಟ್ ಕೊಟ್ಟರೆ ಆರು ಮಕ್ಕಳು ಓದುತ್ತಾರೆ, ಉಳಿದ 34 ಮಂದಿ ಕಿಟಕಿ ನೋಡುತ್ತಾರೆ.

ಎರಡು ವರ್ಷದ ಬಿ.ಇಡಿ. ಕೋರ್ಸಿನಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಅನ್ನುವ ಭಾಗವಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ ಶಾಲೆಯಲ್ಲಿರಬೇಕು. ಅಲ್ಲಿಗೆ ಹೋಗುವಾಗ ನಾಟಕವನ್ನು ಶಾಲಾ ವಾರ್ಷಿಕೋತ್ಸವದ ಕಣ್ಣಿನಿಂದ ನೋಡುವುದನ್ನು ಬಿಡಿ. ವಾರ್ಷಿಕೋತ್ಸವದ ನಾಟಕ ಇರುವುದು ನೋಡುವವರಿಗೆ. ತರಗತಿಯ ನಾಟಕದಲ್ಲಿ ಮಾಡುವವರೇ ನೋಡುವವರು. ಈ ಎರಡನೆಯದರಲ್ಲಿ ಕೆಲಸ ಕೆಡುವುದು ನಟನೆ ಬಾರದ್ದಕ್ಕಲ್ಲ. ಶುರುವಾದ ಗದ್ದಲವನ್ನು ನಿಲ್ಲಿಸಲು ಬಾರದ್ದಕ್ಕೆ. ಆದ್ದರಿಂದ ಇಲ್ಲಿನ ಹಂತಗಳಲ್ಲಿ ಅರ್ಧಕ್ಕರ್ಧ 'ನಿಲ್ಲಿಸುವ' ಕೆಲಸವೇ ಇದೆ.

ಕೆಳಗಿನ ಲೆಕ್ಕ 7 ಅಥವಾ 8ನೇ ತರಗತಿಯ 40 ಮಕ್ಕಳಿಗೆ, 40 ನಿಮಿಷದ ಒಂದು ಪೀರಿಯಡ್ಡಿಗೆ. ವಿಷಯ: ಊರಿನ ನಲ್ಲಿಯಲ್ಲಿ ನೀರು ನಿಂತಿದೆ. ಈ ವಿಷಯವೇ ಯಾಕೆಂದರೆ, ಕೊಡ ಹಿಡಿದು ಕಾಯುವುದು ಹೇಗೆಂದು ಯಾವ ಮಗುವಿಗೂ ಹೇಳಿಕೊಡಬೇಕಿಲ್ಲ.

ಏನೇನು ಬೇಕು

ಒಂದು ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ). ಸಿಗದಿದ್ದರೆ ಒಂದು ಜೊತೆ ತಾಳ. ಸೀಟಿ ಬೇಡ. ಸೀಟಿ ಊದಿದ ಕೂಡಲೇ ಅದು ದೈಹಿಕ ಶಿಕ್ಷಣದ ಪೀರಿಯಡ್ ಆಗಿಬಿಡುತ್ತದೆ, ಮಕ್ಕಳು ಓಡಲು ಸಿದ್ಧರಾಗುತ್ತಾರೆ. ಹೆಗಲಿಗೆ ಹಾಕುವ ಒಂದು ಟವೆಲ್. ಸೀಮೆಸುಣ್ಣ. ಮಕ್ಕಳ ಹೆಸರು ಬರೆದ ರಟ್ಟಿನ ಚೂರುಗಳು, ಸಿಕ್ಕಿಸಲು ಪಿನ್ನು. ಕೈಗಡಿಯಾರ, ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರೆ ಮೇಡಂ ಮೊಬೈಲ್ ನೋಡುತ್ತಿದ್ದಾರೆ ಎಂದೇ ಹಿಂದಿನ ಬೆಂಚಿನವರು ತಿಳಿಯುತ್ತಾರೆ. ಕೊಡ, ಬಿಂದಿಗೆ, ವೇಷಭೂಷಣ ಯಾವುದೂ ಬೇಡ. ನಿಜವಾದ ಕೊಡ ಕೊಟ್ಟರೆ ಮಕ್ಕಳು ಅದನ್ನು ಬಡಿಯುತ್ತಾರೆ. ಇಲ್ಲದ ಕೊಡ ಹಿಡಿಯುವಾಗಲೇ ಅವರ ಕಣ್ಣು ಕೈಯ ಮೇಲಿರುವುದು.

ಹಂತ 1: ಒಂದು ವಾರ ಮೊದಲು ಮಾಡುವ ಕೆಲಸ

ಮೊದಲು ಮುಖ್ಯ ಶಿಕ್ಷಕರಿಗೂ ನಿಮ್ಮ ಮಾರ್ಗದರ್ಶಕ ಶಿಕ್ಷಕರಿಗೂ ಹೇಳಿ. ಆಮೇಲೆ, ಬಹಳ ಜನ ಮರೆಯುವ ಕೆಲಸ, ಪಕ್ಕದ ಕೋಣೆಯಲ್ಲಿ ಆ ಹೊತ್ತಿಗೆ ಪಾಠ ಮಾಡುವ ಶಿಕ್ಷಕರಿಗೆ ಹೇಳಿ: "ಸರ್, ಗುರುವಾರ ಎರಡನೇ ಪೀರಿಯಡ್ ಸ್ವಲ್ಪ ಸದ್ದಾಗುತ್ತೆ, ಜಾಸ್ತಿ ಆದರೆ ನನಗೆ ಹೇಳಿಕಳಿಸಿ." ಈ ಒಂದು ಮಾತು ಹೇಳದೆ ಹೋದರೆ ಬಾಗಿಲಿಗೆ ಬಂದು ನಿಲ್ಲುವ ಹಿರಿಯ ಶಿಕ್ಷಕರ ಮುಖ ಇಡೀ ತರಗತಿಯನ್ನು ಮುಗಿಸಿಬಿಡುತ್ತದೆ.

ಪೀರಿಯಡ್ ಆರಿಸಿಕೊಳ್ಳುವ ಅವಕಾಶವಿದ್ದರೆ ಬೆಳಗಿನ ಎರಡನೆಯದು ಅಥವಾ ಸಣ್ಣ ಬಿಡುವಿನ ನಂತರದ್ದು ಕೇಳಿ. ಬಿಸಿಯೂಟದ ನಂತರದ ಪೀರಿಯಡ್ ಬೇಡ: ಹೊಟ್ಟೆ ತುಂಬಿದ ಮಕ್ಕಳನ್ನು ಕುಣಿಸಿದರೆ ಒಬ್ಬರಾದರೂ ವಾಂತಿ ಮಾಡಿಕೊಳ್ಳುತ್ತಾರೆ. ಕೊನೆಯ ಪೀರಿಯಡ್ ಕೂಡ ಬೇಡ. ಆಗ ಕಿವಿ ಗಂಟೆಯ ಕಡೆಗೇ.

ಜಾಗ ಅಳೆಯಿರಿ. ಕಣ್ಣಂದಾಜು ಸಾಲದು. ವೃತ್ತದಲ್ಲಿ ನಿಲ್ಲಲು ಒಂದು ಮಗುವಿಗೆ ಎರಡು ಅಡಿ ಬೇಕು. 40 ಮಕ್ಕಳಿಗೆ 80 ಅಡಿ ಸುತ್ತಳತೆ, ಅಂದರೆ ವೃತ್ತದ ಅಡ್ಡಗಲ ಇಪ್ಪತ್ತೈದೂವರೆ ಅಡಿ. ನಿಮ್ಮ ಕೋಣೆ 20 ಅಡಿಯದಾದರೆ ಆ ವೃತ್ತ ಅಲ್ಲಿ ಕೂರುವುದೇ ಇಲ್ಲ. ಮಕ್ಕಳು ಮೊಟ್ಟೆಯಾಕಾರದಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ, ತಳ್ಳಾಟ ಶುರು. ಆಗ ಎರಡು ವೃತ್ತ ಮಾಡಿ: ಹೊರಗೆ 24 ಮಂದಿ (ಅಡ್ಡಗಲ ಸುಮಾರು 15 ಅಡಿ), ಒಳಗೆ 16 ಮಂದಿ (ಸುಮಾರು 10 ಅಡಿ). ಹಿಂದಿನ ದಿನವೇ ಸೀಮೆಸುಣ್ಣಕ್ಕೆ ದಾರ ಕಟ್ಟಿ ಗೆರೆ ಎಳೆದಿಡಿ. ಜಗಲಿ, ಊಟದ ಹಾಲ್ ಅಥವಾ ಮರದ ನೆರಳು ಸಿಕ್ಕರೆ ಒಳ್ಳೆಯದು. ಆದರೆ ಬಯಲಿನಲ್ಲಿ ನಿಮ್ಮ ಧ್ವನಿ ಅರ್ಧಕ್ಕಿಳಿಯುತ್ತದೆ, ರಸ್ತೆಯಲ್ಲಿ ಹೋಗುವವರೆಲ್ಲ ಪ್ರೇಕ್ಷಕರಾಗುತ್ತಾರೆ. ಮೊದಲ ಸಲಕ್ಕೆ ನಾಲ್ಕು ಗೋಡೆ ಇರುವ ಜಾಗವೇ ವಾಸಿ.

ನೆಲ ನೋಡಿ: ಕಿತ್ತುಹೋದ ಕಲ್ಲು, ಬೆಂಚಿನಿಂದ ಹೊರಬಂದ ಮೊಳೆ. ಬೂಟು ಬಿಚ್ಚಿಸುವುದಾದರೆ ಸಾಕ್ಸ್ ಕೂಡ ಬಿಚ್ಚಿಸಿ. ನಯವಾದ ಕಲ್ಲಿನ ನೆಲದಲ್ಲಿ ಸಾಕ್ಸ್ ಜಾರುತ್ತದೆ.

ಹಂತ 2: ಸಮಯ ಹಂಚಿಕೊಳ್ಳಿ

ಇದನ್ನು ಒಂದು ಚೀಟಿಯಲ್ಲಿ ಬರೆದು ದಮ್ಮಡಿಯ ಹಿಂದೆ ಅಂಟಿಸಿಕೊಳ್ಳಿ.

0–4: ವೃತ್ತ, ಮೂರು ನಿಯಮ
4–8: ನಿಲ್ಲುವ ಸಂಕೇತದ ಅಭ್ಯಾಸ
8–16: ನಡಿಗೆ ಮತ್ತು ಕೊಡ
16–22: ಗುಂಪು, ಸ್ತಬ್ಧಚಿತ್ರದ ತಯಾರಿ
22–29: ನೋಡುವುದು
29–34: ನೀರುಗಂಟಿ (ಊರಿಗೆ ನೀರು ಬಿಡುವವನ ಪಾತ್ರದಲ್ಲಿ ನೀವು)
34–37: ಮಾತು
37–40: ಬೆಂಚು ಜಾಗಕ್ಕೆ

ಬೆಂಚು ಸರಿಸುವುದು ನಿಮ್ಮ 40 ನಿಮಿಷದೊಳಗೆ ಬರಬಾರದು. ಹಿಂದಿನ ಬಿಡುವಿನಲ್ಲಿ ಎಂಟು ಮಕ್ಕಳನ್ನು ಕರೆದು, ಬೆಂಚಿಗೆ ನಾಲ್ಕು ಜನರಂತೆ, ಎಳೆಯದೆ ಎತ್ತಿಸಿ ಗೋಡೆಗೆ ಸೇರಿಸಿ. ಎಲ್ಲರಿಗೂ "ಬೆಂಚು ಸರಿಸಿ" ಎಂದರೆ ಹತ್ತು ನಿಮಿಷ ಹೋಯಿತು, ಒಬ್ಬರ ಕಾಲ್ಬೆರಳೂ ಹೋಯಿತು.

ಹಂತ 3: ವೃತ್ತ ಮತ್ತು ನಿಯಮ

ಮಕ್ಕಳು ಬಾಗಿಲಲ್ಲಿ ಬರುವಾಗಲೇ ಹೆಸರಿನ ರಟ್ಟು ಕೊಡಿ, ಗೆರೆಯ ಮೇಲೆ ನಿಲ್ಲಲು ಹೇಳಿ. ಹುಡುಗ ಹುಡುಗಿಯರು ಕೈ ಕೈ ಹಿಡಿಯಬೇಕೆಂದು ಒತ್ತಾಯ ಬೇಡ. ವೃತ್ತಕ್ಕೆ ಗೆರೆ ಸಾಕು. ಅವರಾಗಿ ಬೆರೆಯಲು ಎರಡು ಮೂರು ತರಗತಿ ಹಿಡಿಯುತ್ತದೆ, ಹಿಡಿಯಲಿ.

ಹೆಸರಿನ ಆಟ ಬೇಡ. ಒಬ್ಬೊಬ್ಬರೇ ಹೆಸರು ಹೇಳಿ ಒಂದು ಚಲನೆ ಮಾಡಿ, ಉಳಿದವರು ಅದನ್ನೇ ಮಾಡುವ ಆಟವನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅದು 15 ಜನರ ಶಿಬಿರಕ್ಕೆ ಸರಿ. ಒಬ್ಬರಿಗೆ ಎಂಟು ಸೆಕೆಂಡ್ ಹಿಡಿದರೂ 40 ಮಕ್ಕಳಿಗೆ ಐದು ನಿಮಿಷ ದಾಟುತ್ತದೆ, ಹದಿನೈದನೆಯ ಮಗುವಿನ ಹೊತ್ತಿಗೆ ಮೊದಲ ಹದಿನಾಲ್ಕು ಮಂದಿ ಹರಟೆಗೆ ಇಳಿದಿರುತ್ತಾರೆ.

ನಿಯಮ ಮೂರೇ ಇರಲಿ: ದಮ್ಮಡಿ ಒಂದು ಏಟು ಬಿದ್ದರೆ ಇದ್ದ ಹಾಗೇ ನಿಲ್ಲಬೇಕು. ಯಾರನ್ನೂ ಮುಟ್ಟುವಂತಿಲ್ಲ. ಮಾಡಲು ಇಷ್ಟವಿಲ್ಲದವರು ಕೈ ಕಟ್ಟಿ ಗೋಡೆಗೆ ಹೋಗಬಹುದು, ಆದರೆ ಆಗ ಅವರಿಗೆ ನೋಡುವ ಕೆಲಸ ಕೊಡಲಾಗುತ್ತದೆ. ಮೂರನೆಯದನ್ನು ಕೇಳಿ ಮಾರ್ಗದರ್ಶಕರು ಹುಬ್ಬೇರಿಸಬಹುದು. ಹೆದರುವ ಮಗುವನ್ನು ಎಳೆದು ನಿಲ್ಲಿಸಿದರೆ ಅದು ವರ್ಷವಿಡೀ ನಾಟಕದಿಂದ ದೂರವಾಗುತ್ತದೆ. ಗೋಡೆಯ ಅವಕಾಶ ಕೊಟ್ಟರೆ ಬಹುತೇಕ ಮಕ್ಕಳು ಹತ್ತು ನಿಮಿಷದಲ್ಲಿ ತಾವಾಗಿ ಒಳಗೆ ಬರುತ್ತಾರೆ.

ಹಂತ 4: ನಿಲ್ಲುವುದನ್ನು ಕಲಿಸುವುದು

ಇಡೀ ತರಗತಿ ನಿಂತಿರುವುದು ಈ ನಾಲ್ಕು ನಿಮಿಷದ ಮೇಲೆ. ಇದ್ದ ಜಾಗದಲ್ಲೇ ಕೈ ಕಾಲು ಅಲುಗಾಡಿಸಲು ಹೇಳಿ. ಒಂದು ಏಟು. ಎಲ್ಲರೂ ನಿಶ್ಚಲ. ರಂಗಭೂಮಿಯವರು ಇದನ್ನು 'ಫ್ರೀಜ್' ಎನ್ನುತ್ತಾರೆ. ಕಣ್ಣು ಕೂಡ ಒಂದೇ ಕಡೆ ನೆಟ್ಟಿರಬೇಕು. ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಎರಡು ಏಟು: ಬಿಡುಗಡೆ.

ಮೊದಲ ಎರಡು ಸಲ ನಗು, ಅಲುಗಾಟ ಇದ್ದೇ ಇರುತ್ತದೆ. ಬೈಯಬೇಡಿ, "ಶ್ ಶ್" ಎನ್ನಬೇಡಿ. ಯಾರು ಚೆನ್ನಾಗಿ ನಿಂತಿದ್ದಾರೋ ಅವರ ಹತ್ತಿರ ಹೋಗಿ, ಮೆಲುದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿ: "ರೆಪ್ಪೆ ಬಿಟ್ಟರೆ ಏನೂ ಅಲುಗಾಡ್ತಿಲ್ಲ." ಆರರಿಂದ ಎಂಟು ಸಲ ಮಾಡಿ, ಪ್ರತಿ ಸಲ ಎಣಿಕೆಯನ್ನು ಒಂದೊಂದು ಹೆಚ್ಚಿಸಿ. ಎಣಿಕೆ ಹತ್ತು ಮುಟ್ಟಿದಾಗ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಇನ್ನೆರಡು ನಿಮಿಷ ಇಲ್ಲೇ ಕಳೆಯಿರಿ, ನೀರುಗಂಟಿಯ ಭಾಗವನ್ನು ಕೈಬಿಡಿ.

ಎಲ್ಲಿ ಎಡವುತ್ತಾರೆ: ದಮ್ಮಡಿಯನ್ನು ತಾಳಕ್ಕೂ ಬಾರಿಸಿ ಸಂಕೇತಕ್ಕೂ ಬಾರಿಸುವುದು. ಮಕ್ಕಳಿಗೆ ಯಾವುದು ನಿಲ್ಲುವ ಏಟು ಎಂದು ತಿಳಿಯುವುದಿಲ್ಲ. ಇವತ್ತಿನ ಮಟ್ಟಿಗೆ ದಮ್ಮಡಿ ವಾದ್ಯವಲ್ಲ, ಬ್ರೇಕು. ಇನ್ನೊಂದು, ಗದ್ದಲದ ಮೇಲೆ ಕೂಗುವುದು. ನೀವು ಕೂಗಿದಷ್ಟೂ ಅವರು ಏರುತ್ತಾರೆ, ವಾರ ಮುಗಿಯುವಷ್ಟರಲ್ಲಿ ಗಂಟಲು ಕೂತಿರುತ್ತದೆ. ಏಟು ಹೊಡೆಯಿರಿ, ಕಾಯಿರಿ, ಆಮೇಲೆ ಮಾತಾಡಿ.

ಹಂತ 5: ನಡಿಗೆ ಮತ್ತು ಇಲ್ಲದ ಕೊಡ

20 ಮಂದಿ ಗೋಡೆಗೆ, 20 ಮಂದಿ ನಡುವೆ. ನಾಲ್ಕು ನಿಮಿಷಕ್ಕೆ ಅದಲುಬದಲು. 40 ಮಂದಿಯನ್ನೂ ಒಟ್ಟಿಗೆ ನಡೆಸಿದರೆ ಡಿಕ್ಕಿ ಖಂಡಿತ. ಗೋಡೆಯವರು ಸುಮ್ಮನೆ ನಿಲ್ಲಬಾರದು, ತಮ್ಮ ಎದುರಿಗೆ ಕಾಣುವ ಒಬ್ಬರನ್ನೇ ಹಿಡಿದು ನೋಡಬೇಕು: "ಅವರ ಕೊಡ ತುಂಬಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?"

ನಡಿಗೆಗೆ ವೇಗದ ಸಂಖ್ಯೆ ಕೊಡಿ. ಮೂರು ಅಂದರೆ ದಿನದ ನಡಿಗೆ, ಒಂದು ಅಂದರೆ ಬಸವನ ಹುಳು. ನಾಲ್ಕು, ಐದು ಇವತ್ತು ಬಾಯಲ್ಲೇ ಬರಬಾರದು. ಬಂದರೆ ಓಟ.

ಆಮೇಲೆ ಸೂಚನೆ ಒಂದೊಂದಾಗಿ: ಖಾಲಿ ಕೊಡ ಹಿಡಿದು ನಡೆಯಿರಿ. ನಿಲ್ಲಿ. ಕೊಡ ತುಂಬಿದೆ, ಸೊಂಟಕ್ಕೆ ಏರಿಸಿ. 15 ಲೀಟರಿನ ಕೊಡ ತುಂಬಿದರೆ 15 ಕೆ.ಜಿ. ಭಾರ, ಅದನ್ನು ಬಾಯಿಬಿಟ್ಟು ಹೇಳಿ. ಭಾರ ಯಾವ ಕಡೆ? ಇನ್ನೊಂದು ಕೈ ಏನು ಮಾಡುತ್ತಿದೆ? ಕಾಲಡಿ ಕಲ್ಲಿದೆ. ನೀರು ತುಳುಕಿತು, ಲಂಗ ಅಥವಾ ಚಡ್ಡಿ ಒದ್ದೆಯಾಯಿತು. ನಿಲ್ಲಿ.

ಗಮನಿಸಿ, ಈ ಸೂಚನೆಗಳಲ್ಲಿ ಒಂದೂ ಭಾವದ ಹೆಸರಲ್ಲ. "ದುಃಖದಿಂದ ನಡೆಯಿರಿ" ಎಂದರೆ 20 ಮಕ್ಕಳೂ ಧಾರಾವಾಹಿಯಲ್ಲಿ ಕಂಡಂತೆ ಕಣ್ಣೊರೆಸಿಕೊಳ್ಳುತ್ತಾರೆ. "ಭಾರ ಎಡ ಸೊಂಟದ ಮೇಲಿದೆ" ಎಂದರೆ ಮೈ ತಾನಾಗಿ ಬಾಗುತ್ತದೆ, ಮುಖ ತಾನಾಗಿ ಬದಲಾಗುತ್ತದೆ. ಮೈಗೆ ಕೆಲಸ ಕೊಡಿ, ಮುಖದ ತಂಟೆಗೆ ಹೋಗಬೇಡಿ.

ಹಂತ 6: ಗುಂಪು ಮಾಡುವುದು

"ನಿಮಗೆ ಬೇಕಾದವರ ಜೊತೆ ಸೇರಿ" ಅನ್ನಲೇಬೇಡಿ. ಜಾತಿ, ಕೇರಿ, ಅಂಕಪಟ್ಟಿ ಎಲ್ಲವೂ ಆ ಒಂದು ನಿಮಿಷದಲ್ಲಿ ಬಯಲಿಗೆ ಬರುತ್ತವೆ, ಕೊನೆಗೆ ಯಾರಿಗೂ ಬೇಡವಾದ ಒಂದು ಮಗು ನಡುವೆ ನಿಂತಿರುತ್ತದೆ. ವೃತ್ತದಲ್ಲಿ ಒಂದರಿಂದ ಎಂಟು ಎಣಿಸಿಕೊಂಡು ಹೋಗಲು ಹೇಳಿ. ಅಕ್ಕಪಕ್ಕದ ಗೆಳೆಯರು ತಾನಾಗಿ ಬೇರೆಯಾಗುತ್ತಾರೆ, ಐದೈದು ಜನರ ಎಂಟು ಗುಂಪಾಗುತ್ತದೆ. ಎಣಿಸಿದ ಕೂಡಲೇ ನಂಬರನ್ನು ಬೆರಳಲ್ಲಿ ತೋರಿಸಲು ಹೇಳಿ, ಇಲ್ಲದಿದ್ದರೆ ದಾರಿಯಲ್ಲೇ ನಂಬರು ಬದಲಾಗುತ್ತದೆ. 37 ಮಂದಿ ಬಂದಿದ್ದರೆ ಚಿಂತೆಯಿಲ್ಲ, ಮೂರು ಗುಂಪಿನಲ್ಲಿ ನಾಲ್ವರಿರಲಿ.

ಪಾತ್ರ ಹಂಚುವುದು ನಿಮ್ಮ ಕೈಯಲ್ಲಿದ್ದರೆ ಒಂದು ಎಚ್ಚರ: ಕಪ್ಪಗಿರುವ ಹುಡುಗನಿಗೆ ಕಳ್ಳನ ಪಾತ್ರ, ದಪ್ಪಗಿರುವವನಿಗೆ ಸಾಹುಕಾರ, ಕುಲಕಸುಬಿಗೆ ತಕ್ಕ ಪಾತ್ರ, ಇವು ನಮಗೆ ಗೊತ್ತಿಲ್ಲದೆ ಬಾಯಿಗೆ ಬರುತ್ತವೆ. ಆ ಅಡ್ಡಹೆಸರು ಮಗುವಿನ ಬೆನ್ನಿಗೆ ಎಸ್ಸೆಸ್ಸೆಲ್ಸಿಯವರೆಗೂ ಅಂಟಿಕೊಂಡಿರುತ್ತದೆ.

ಹಂತ 7: ಸ್ತಬ್ಧಚಿತ್ರ

ದಸರಾ ಮೆರವಣಿಗೆಯ ಸ್ತಬ್ಧಚಿತ್ರ ಎಲ್ಲರಿಗೂ ಗೊತ್ತು. ಇಲ್ಲಿ ಲಾರಿ, ಥರ್ಮಾಕೋಲು ಇಲ್ಲ. ಐವರೂ ಮೈಯಿಂದಲೇ ಒಂದು ಫೋಟೊ ಆಗುತ್ತಾರೆ. ಬ್ರೆಜಿಲ್ಲಿನ ರಂಗಕರ್ಮಿ ಅಗಸ್ಟೊ ಬೋಲ್ (1931–2009) ಹೀಗೆ ಮೈಯನ್ನೇ ಚಿತ್ರವಾಗಿಸಿ, ಮಾತಿಲ್ಲದೆ ಊರ ಸಮಸ್ಯೆಯನ್ನು ಚರ್ಚೆಗೆ ತರುವ ವಿಧಾನವನ್ನು ಬೆಳೆಸಿದರು.

ಬೋರ್ಡಿನ ಮೇಲೆ ಬರೆಯಿರಿ: "ನಲ್ಲಿಕಟ್ಟೆ. ನಾಲ್ಕು ದಿನದ ಮೇಲೆ ನೀರು ಬಂದಿದೆ. ಈಗ ನೀರು ನಿಲ್ಲುವ ಗಳಿಗೆ." ಷರತ್ತು: ಬಾಯಿ ಮುಚ್ಚಿರಬೇಕು. ಒಬ್ಬರಾದರೂ ಕೂತಿರಬೇಕು, ಒಬ್ಬರಾದರೂ ಬಗ್ಗಿರಬೇಕು. ಐವರೂ ಒಂದೇ ಕಡೆ ನೋಡುವಂತಿಲ್ಲ. ಈ ಷರತ್ತುಗಳಿಲ್ಲದಿದ್ದರೆ ಎಂಟು ಗುಂಪೂ ಗ್ರೂಪ್ ಫೋಟೊದಂತೆ ಸಾಲಾಗಿ ನಿಲ್ಲುತ್ತವೆ.

ತಯಾರಿಗೆ ನಾಲ್ಕೇ ನಿಮಿಷ. ಹೆಚ್ಚು ಕೊಟ್ಟರೆ ಚಿತ್ರ ಉತ್ತಮವಾಗುವುದಿಲ್ಲ, ಜಗಳ ಬೆಳೆಯುತ್ತದೆ. "ಇನ್ನು ಎರಡು ನಿಮಿಷ", "ಇನ್ನು ಅರ್ಧ ನಿಮಿಷ" ಎಂದು ಹೇಳುತ್ತಿರಿ. ನೀವು ಗುಂಪಿಂದ ಗುಂಪಿಗೆ ಹೋಗುವಾಗ ಒಂದೇ ಪ್ರಶ್ನೆ: "ನೀನು ಯಾರು?" ಉತ್ತರ "ಜನ" ಎಂದು ಬಂದರೆ ಒಪ್ಪಬೇಡಿ. ಯಾರ ಮನೆಯವರು, ಎಷ್ಟು ಹೊತ್ತಿಂದ ಕಾದಿದ್ದಾರೆ, ಮನೆಯಲ್ಲಿ ಯಾರಿಗೆ ನೀರು ಬೇಕು?

ಮೂರು ಗುಂಪಾದರೂ ಹೊಡೆದಾಟದ ಚಿತ್ರ ಮಾಡುತ್ತವೆ. ಬೇಡವೆನ್ನಬೇಡಿ. "ಹೊಡೆತ ಬೀಳುವ ಒಂದು ಕ್ಷಣ ಮೊದಲು" ಎಂದು ಬದಲಿಸಿ. ಕೈ ಗಾಳಿಯಲ್ಲಿ ನಿಂತಿರುವ ಚಿತ್ರ ಹೊಡೆತಕ್ಕಿಂತ ಗಟ್ಟಿ, ಯಾರಿಗೂ ಪೆಟ್ಟಾಗುವುದೂ ಇಲ್ಲ.

ಹಂತ 8: ನೋಡುವುದು

ಎಂಟು ಗುಂಪನ್ನು ಒಂದೊಂದಾಗಿ ಮುಂದೆ ಕರೆದರೆ ಏಳು ನಿಮಿಷ ಸಾಲದು, ಬರುವುದು ಹೋಗುವುದರಲ್ಲೇ ಮುಗಿಯುತ್ತದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಗುಂಪು ಒಟ್ಟಿಗೆ ನಿಲ್ಲಲಿ, ಉಳಿದ 20 ಮಂದಿ ನಡುವೆ ಕೂತು ತಿರುಗಿ ತಿರುಗಿ ನೋಡಲಿ. ಆಮೇಲೆ ಅದಲುಬದಲು.

ಚಿತ್ರ ನಿಂತಿರುವಾಗ ಒಂದು ಮಗುವಿನ ಪಕ್ಕ ನಿಂತು ನಿಮ್ಮ ಅಂಗೈ ಚಾಚಿ. ಅದು ಆ ಪಾತ್ರದ ಮನಸ್ಸಿನ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಹಲವು ಪುಸ್ತಕಗಳು ಹೆಗಲು ತಟ್ಟಲು ಹೇಳುತ್ತವೆ. ಅಂಗೈ ಸಾಕು, ಮುಟ್ಟಬಾರದೆಂಬ ನಿಯಮ ನಿಮಗೂ ಇದೆ. ಒಂದು ಗುಂಪಿಗೆ ಇಬ್ಬರು ಸಾಕು. ಮಗು ಮನೆಮಾತಿನಲ್ಲಿ ಹೇಳಿದರೆ, ಲಂಬಾಣಿಯಿರಲಿ, ಉರ್ದು, ತುಳು, ತೆಲುಗು ಇರಲಿ, ಹಾಗೇ ಹೇಳಲಿ. "ನೀರ್ ಬರವಲ್ದು" ಎಂದದ್ದನ್ನು "ನೀರು ಬರುತ್ತಿಲ್ಲ" ಎಂದು ತಿದ್ದಿದರೆ ಮುಂದಿನ ಮಗು ಬಾಯಿಯೇ ತೆರೆಯುವುದಿಲ್ಲ.

ಚಪ್ಪಾಳೆ ಕೊನೆಗೆ, ಎಲ್ಲರಿಗೂ ಒಂದೇ ಸಲ. ಗುಂಪಿಗೊಂದು ಚಪ್ಪಾಳೆ ಹೊಡೆಸಿದರೆ ಅದು ಸ್ಪರ್ಧೆಯಾಗುತ್ತದೆ.

ಹಂತ 9: ಟವೆಲ್ ಮತ್ತು ನೀರುಗಂಟಿ

ಫ್ರೀಜ್ ಗಟ್ಟಿಯಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಶಿಕ್ಷಕರೇ ಒಂದು ಪಾತ್ರವಾಗಿ ಮಕ್ಕಳ ನಡುವೆ ಬರುವ ಈ ವಿಧಾನಕ್ಕೆ ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ (1926–2011) ಹೆಸರಾದವರು. ಮಕ್ಕಳಿಗೆ ಮೊದಲೇ ಹೇಳಿ: "ಟವೆಲ್ ಹೆಗಲ ಮೇಲಿದ್ದರೆ ನಾನು ನೀರುಗಂಟಿ, ತೆಗೆದರೆ ನಿಮ್ಮ ಟೀಚರ್." ನೀರುಗಂಟಿ ಎಂದರೆ ಊರಿಗೆ ನೀರು ಬಿಡುವವನೆಂದು ಹಳ್ಳಿ ಮಕ್ಕಳಿಗೆ ಹೇಳಬೇಕಿಲ್ಲ, ಪೇಟೆಯವರಿಗೆ "ವಾಲ್ವ್ ತಿರುಗಿಸುವವರು" ಎಂದರೆ ಸಾಕು. ಮಕ್ಕಳೆಲ್ಲ ಊರಿನವರು.

ಟವೆಲ್ ಹಾಕಿ, ಎರಡು ಹೆಜ್ಜೆ ಮುಂದೆ ಬನ್ನಿ: "ನೋಡ್ರಪ್ಪಾ, ಮೋಟರ್ ಸುಟ್ಟೋಗಿದೆ. ಒಂದೇ ಒಂದು ಟ್ಯಾಂಕರ್ ಬರುತ್ತೆ. ಮೊದಲು ಯಾವ ಕೇರಿಗೆ ಕಳಿಸ್ಲಿ, ನೀವೇ ಹೇಳಿ." ಅಷ್ಟೇ. ನಟಿಸಬೇಡಿ, ಧ್ವನಿ ಬದಲಿಸಬೇಡಿ, ಕುಂಟಬೇಡಿ. ನೀವು ಹಾಸ್ಯ ಮಾಡಿದರೆ ಅವರು ಪ್ರೇಕ್ಷಕರಾಗಿಬಿಡುತ್ತಾರೆ. ನಿಮ್ಮ ಪಾತ್ರಕ್ಕೆ ಅಧಿಕಾರ ಕಡಿಮೆ ಇರಬೇಕು, ತೀರ್ಮಾನ ಮಕ್ಕಳದ್ದಾಗಬೇಕು. ಪಂಚಾಯಿತಿ ಅಧ್ಯಕ್ಷರಾಗಿ ಬಂದರೆ ಮತ್ತೆ ಮೇಷ್ಟ್ರೇ ಆದ ಹಾಗೆ.

ಎಲ್ಲರೂ ಒಟ್ಟಿಗೆ ಕೂಗತೊಡಗುತ್ತಾರೆ. ಆಗ ಟವೆಲ್ ತೆಗೆದು ಒಂದು ಏಟು ಹೊಡೆಯಿರಿ. "ನೀರುಗಂಟಿಗೆ ಒಂದು ಕಿವಿಯಲ್ಲಿ ಒಬ್ಬರದೇ ಕೇಳಿಸೋದು" ಎಂದು ಹೇಳಿ ಮತ್ತೆ ಹಾಕಿಕೊಳ್ಳಿ. "ಅಣ್ಣಾ, ನಮ್ಮನೇಲಿ ಬಾಣಂತಿ ಇದ್ದಾರೆ" ಎಂದು ಒಂದು ಮಗು ಹೇಳಿದರೆ ಉಳಿದ ಹೊತ್ತೆಲ್ಲ ನಿಮ್ಮ ಕೆಲಸ ಕೇಳಿಸಿಕೊಳ್ಳುವುದಷ್ಟೇ.

ಕೇರಿಯ ಮಾತು ನಿಜವಾದ ಊರಿನ ನಿಜವಾದ ಕೇರಿಗೆ ತಿರುಗಿದರೆ, ಹೆಸರು ಹಿಡಿದು ಬೈಗುಳ ಬಂದರೆ, ಕೂಡಲೇ ಟವೆಲ್ ತೆಗೆಯಿರಿ. "ಇದು ನಮ್ಮೂರಲ್ಲ, ಬೇರೆ ಊರು" ಎಂದು ಹೇಳಿ ಊರಿಗೊಂದು ಸುಳ್ಳು ಹೆಸರು ಅವರಿಂದಲೇ ಇಡಿಸಿ. ಮಗುವೊಂದು ತನ್ನ ಮನೆಯ ಹೊಡೆತ, ಕುಡಿತದ ಕಥೆಯನ್ನೇ ಆಡತೊಡಗಿದಂತೆ ಕಂಡರೆ ಎಲ್ಲರ ಮುಂದೆ ಕೆದಕಬೇಡಿ. ದೃಶ್ಯ ನಿಲ್ಲಿಸಿ ಮುಂದೆ ಸಾಗಿ, ತರಗತಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರಿಗೆ ಅದೇ ದಿನ ತಿಳಿಸಿ. ಮಕ್ಕಳ ಸಹಾಯವಾಣಿ 1098.

ಹಂತ 10: ಮಾತು, ಬೆಂಚು, ದಾಖಲೆ

"ಚೆನ್ನಾಗಿತ್ತಾ?" ಎಂದರೆ 40 ಕಂಠದ "ಹೂಂ ಟೀಚರ್" ಬರುತ್ತದೆ, ಏನೂ ತಿಳಿಯುವುದಿಲ್ಲ. ಕಂಡದ್ದನ್ನು ಕೇಳಿ: ಯಾವ ಕೊಡ ನಿಜವಾಗಿ ತುಂಬಿತ್ತು? ಟ್ಯಾಂಕರ್ ತೀರ್ಮಾನದಲ್ಲಿ ಯಾರ ಮಾತು ಕೇಳಿಸಲೇ ಇಲ್ಲ? ಕೊನೆಯ ಮೂರು ನಿಮಿಷಕ್ಕೆ 1ರಿಂದ 4ನೇ ಗುಂಪು ಬೆಂಚಿಗೆ, 5ರಿಂದ 8ನೇ ಗುಂಪು ಗೆರೆ ಒರೆಸಿ ಸಾಲಲ್ಲಿ ನಿಲ್ಲಲಿ.

ಪಾಠ ಯೋಜನೆಯನ್ನು 5ಇ ಮಾದರಿಯಲ್ಲಿ (ಇಂಗ್ಲಿಷಿನ 'ಇ' ಅಕ್ಷರದಿಂದ ಶುರುವಾಗುವ ಐದು ಹಂತ) ಕೇಳಿದರೆ ಹೀಗೆ ಹೊಂದಿಸಿ: ನಿಲ್ಲುವ ಅಭ್ಯಾಸ ತೊಡಗಿಸುವಿಕೆಗೆ, ಕೊಡದ ನಡಿಗೆ ಅನ್ವೇಷಣೆಗೆ, ಸ್ತಬ್ಧಚಿತ್ರ ಮತ್ತು ಮನಸ್ಸಿನ ಮಾತು ವಿವರಣೆಗೆ, ನೀರುಗಂಟಿ ವಿಸ್ತರಣೆಗೆ, ಕೊನೆಯ ಪ್ರಶ್ನೆಗಳು ಮೌಲ್ಯಮಾಪನಕ್ಕೆ. ಅಂಕ ಕೊಡಲೇಬೇಕಾದರೆ ನಟನೆಗೆ ಕೊಡಬೇಡಿ. ಸಂಕೇತಕ್ಕೆ ನಿಂತರೇ, ಗುಂಪಿನಲ್ಲಿ ಇನ್ನೊಬ್ಬರ ಸಲಹೆ ತೆಗೆದುಕೊಂಡರೇ, ಕಂಡದ್ದನ್ನು ವಿವರಿಸಿದರೇ, ಈ ಮೂರನ್ನು ನೋಡಿ.

ಮಕ್ಕಳ ಫೋಟೊ, ವಿಡಿಯೊ ನಿಮ್ಮ ಮೊಬೈಲಿನಲ್ಲಿ ಬೇಡ, ಸ್ಟೇಟಸ್ಸಿನಲ್ಲಂತೂ ಬೇಡವೇ ಬೇಡ. ದಾಖಲೆಗೆ ಬೇಕೆಂದರೆ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಮುಖ ಕಾಣದ ಹಾಗೆ ತೆಗೆಯಿರಿ.

ಗಂಟೆಯಾದ ಹತ್ತು ನಿಮಿಷದೊಳಗೆ ಮೂರು ಸಾಲು ಬರೆದಿಡಿ: ಯಾವ ನಿಮಿಷದಲ್ಲಿ ಗದ್ದಲ ಕೈಮೀರಿತು, ಅದಕ್ಕೆ ಮುಂಚೆ ನೀವು ಕೊಟ್ಟ ಸೂಚನೆ ಯಾವುದು, ಗೋಡೆಗೆ ಹೋದವರ ಹೆಸರೇನು. ಎರಡನೆಯ ಸಾಲಿನಲ್ಲೇ ಕಾರಣ ಸಿಗುತ್ತದೆ. ಸಾಮಾನ್ಯವಾಗಿ ಒಂದೇ ಉಸಿರಿಗೆ ಮೂರು ಸೂಚನೆ ಕೊಟ್ಟಿರುತ್ತೀರಿ. ಮೂರನೆಯ ಸಾಲಿನ ಹೆಸರುಗಳಿಗೆ ಮುಂದಿನ ತರಗತಿಯಲ್ಲಿ ದಮ್ಮಡಿ ಹಿಡಿಯುವ ಕೆಲಸ ಕೊಡಿ.